ಭಾವ್, ಸೆಷನ್, ಐಡಿ: ಬೆಟ್ಟಿಂಗ್ ಮಾತಿನ ಹಿಂದಿನ ಲೆಕ್ಕ

ಐಪಿಎಲ್ ನಡೆಯುವ ದಿನಗಳಲ್ಲಿ ರಾತ್ರಿ ಏಳೂವರೆ ದಾಟಿದ ಮೇಲೆ ದಾವಣಗೆರೆಯ ಯಾವುದಾದರೂ ಮಂಡಕ್ಕಿ-ಮಿರ್ಚಿ ಅಂಗಡಿ ಮುಂದೆ ನಿಲ್ಲಿ. ಇಂಥ ಮಾತು ಕಿವಿಗೆ ಬೀಳುತ್ತದೆ:

"ಭಾವ್ ಎಷ್ಟು ನಡೀತೈತಲೇ?"

"ಆರ್‌ಸಿಬಿ ನಲವತ್ತೈದು-ನಲವತ್ತೇಳು."

"ನಂದೊಂದು ಎರಡು ಲಗಾಯಿ ಮಾಡು. ಸೆಷನ್?"

"ನಲವತ್ತೆಂಟು-ಐವತ್ತು. ನಾನು ನಾಟ್ ಹಚ್ಚೀನಿ."

ಪಕ್ಕದಲ್ಲೇ ಅಪ್ಪ ನಿಂತಿದ್ದರೂ ಅವರಿಗೆ ಏನೂ ತಿಳಿಯುವುದಿಲ್ಲ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ದರ ಮಾತಾಡಿದ ಹಾಗೇ ಇರುತ್ತದೆ. ಇಷ್ಟು ಮಾತಿನಲ್ಲಿ ರೂಪಾಯಿ ಅನ್ನುವ ಪದ ಒಂದು ಸಲವೂ ಬಂದಿಲ್ಲ ನೋಡಿ. 'ಎರಡು' ಅಂದರೆ ಎರಡು ಸಾವಿರ. ದೊಡ್ಡ ಕುಳಗಳ ನಡುವೆ ಅದೇ ಎರಡು, ಎರಡು ಲಕ್ಷವೂ ಆಗಬಹುದು. ಲಕ್ಷಕ್ಕೆ ಪೇಟಿ, ಕೋಟಿಗೆ ಖೋಖಾ ಅನ್ನುವುದು ಮುಂಬೈ ಕಡೆಯಿಂದ ಬಂದ ಮಾತು.

ಈ ಮಾತುಗಳನ್ನು ಬಿಡಿಸಿ ಹೇಳುವುದು ಆಡುವುದನ್ನು ಕಲಿಸಲಿಕ್ಕಲ್ಲ. ಒಂದೊಂದು ಪದದ ಒಳಗೂ ಒಂದು ಲೆಕ್ಕ ಅಡಗಿದೆ. ಆ ಲೆಕ್ಕ ಯಾವತ್ತೂ ದುಡ್ಡು ಹಚ್ಚುವವನ ಕಡೆಗೆ ಇರುವುದಿಲ್ಲ. ಅದನ್ನು ಹುಡುಗರೂ ನೋಡಬೇಕು, ಅವರ ಮನೆಯವರೂ ನೋಡಬೇಕು ಅನ್ನುವುದು ನನ್ನ ಆಸೆ.

ಮೊದಲು ಭಾವ್. ಇದು ಪೈಸೆಯಲ್ಲಿ ಹೇಳುವ ದರ. ದರ ಹೇಳುವವನು ಬುಕ್ಕಿ, ದುಡ್ಡು ಹಚ್ಚುವವನು ಪಂಟರ್. ಗೆಲ್ಲುವ ಸಂಭವ ಜಾಸ್ತಿ ಇರುವ ತಂಡ ಫೇವರಿಟ್. ಭಾವ್ ಯಾವಾಗಲೂ ಫೇವರಿಟ್ ಹೆಸರಿನ ಮೇಲೇ ನಡೆಯುತ್ತದೆ. ಆರ್‌ಸಿಬಿ 45-47 ಅಂದರೆ ಎರಡು ದರ. ಆರ್‌ಸಿಬಿ ಗೆಲ್ಲುತ್ತದೆ ಅಂತ ಹಚ್ಚುವುದು ಲಗಾಯಿ. ಅದಕ್ಕೆ 45 ಪೈಸೆ. 1000 ರೂಪಾಯಿ ಲಗಾಯಿ ಮಾಡಿದವನಿಗೆ ಆರ್‌ಸಿಬಿ ಗೆದ್ದರೆ 450 ಬರುತ್ತದೆ, ಸೋತರೆ 1000 ಹೋಗುತ್ತದೆ. ಆರ್‌ಸಿಬಿ ಗೆಲ್ಲುವುದಿಲ್ಲ ಅಂತ ಹಚ್ಚುವುದು ಖಾಯಿ. ಅದಕ್ಕೆ 47 ಪೈಸೆ. ಆರ್‌ಸಿಬಿ ಸೋತರೆ ಇವನಿಗೆ 1000 ಬರುತ್ತದೆ, ಗೆದ್ದರೆ ಇವನು 470 ಕೊಡಬೇಕು. ವಿದೇಶಿ ವೆಬ್‌ಸೈಟ್‌ಗಳಲ್ಲಿ ಇದೇ ದರವನ್ನು 1.45, 1.47 ಅಂತ ಬರೆಯುತ್ತಾರೆ. ಹಚ್ಚಿದ ಒಂದು ರೂಪಾಯಿಯನ್ನೂ ಸೇರಿಸಿ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಈಗ ಬುಕ್ಕಿಯ ಜಾಗದಲ್ಲಿ ಕೂತು ನೋಡಿ. ಒಬ್ಬ 1000 ಲಗಾಯಿ, ಇನ್ನೊಬ್ಬ 1000 ಖಾಯಿ. ಆರ್‌ಸಿಬಿ ಸೋತರೆ ಒಬ್ಬನಿಂದ ಬಂದ 1000 ಇನ್ನೊಬ್ಬನಿಗೆ ಹೋಯಿತು. ಗೆದ್ದರೆ ಖಾಯಿಯವನಿಂದ 470 ಬಂತು, ಲಗಾಯಿಯವನಿಗೆ 450 ಹೋಯಿತು. ಉಳಿದದ್ದು 20 ರೂಪಾಯಿ. ಯಾರು ಗೆದ್ದರೂ ಬುಕ್ಕಿಯ ಕೈಯಿಂದ ಒಂದು ಪೈಸೆ ಹೋಗಲಿಲ್ಲ. 20 ರೂಪಾಯಿ ಏನು ಮಹಾ ಅನ್ನಿಸಬಹುದು. ಭಾವ್ ಬಾಲ್ ಬಾಲ್‌ಗೂ ಬದಲಾಗುತ್ತದೆ, ಹಚ್ಚುವವರು ಸಾವಿರಾರು ಜನ, ಐಪಿಎಲ್ ಎರಡು ತಿಂಗಳು ನಡೆಯುತ್ತದೆ ಅನ್ನುವುದನ್ನು ಇದರ ಪಕ್ಕ ಇಟ್ಟು ನೋಡಿ.

ಇನ್ನು ಪಂಟರ್ ಕಡೆಯ ಲೆಕ್ಕ. 45 ಪೈಸೆಗೆ ಲಗಾಯಿ ಮಾಡುತ್ತಾ ಹೋದವನಿಗೆ ಲಾಭವೂ ಬೇಡ, ನಷ್ಟವೂ ಬೇಡ ಅಂದರೆ 100 ಮ್ಯಾಚಿನಲ್ಲಿ 69 ಗೆಲ್ಲಬೇಕು. 69 ಸಲ 450 ಅಂದರೆ 31,050. ಉಳಿದ 31 ಸಲ 1000 ಅಂದರೆ 31,000. 'ಈ ಸಲ ಕಪ್ ನಮ್ದೇ' ಅನ್ನುವುದು ಬೇರೆ, ನೂರಕ್ಕೆ ಅರವತ್ತೊಂಬತ್ತು ಸಲ ಸರಿಯಾಗಿ ಹೇಳುವುದು ಬೇರೆ.

ಭಾವ್ ಇಳಿದಷ್ಟೂ ಆಸೆ ಜಾಸ್ತಿ, ಅಪಾಯವೂ ಜಾಸ್ತಿ. 'ಐದು ಪೈಸೆ ಐತಿ, ಕಣ್ಣು ಮುಚ್ಚಿ ಹಚ್ಚು' ಅನ್ನುತ್ತಾರೆ. ಐದು ಪೈಸೆ ಅಂದರೆ 50 ರೂಪಾಯಿಗೋಸ್ಕರ 1000 ಇಡುವುದು. ಇಪ್ಪತ್ತು ಸಲ ಗೆದ್ದದ್ದನ್ನು ಒಂದು ಸೋಲು ತಿಂದು ಹಾಕುತ್ತದೆ. 2025ರ ಜೂನ್ 3ರ ಫೈನಲ್ ನೆನಪಿದೆ ಅಲ್ವಾ? ಕೊನೆಯ ಓವರ್‌ಗೆ ಪಂಜಾಬಿಗೆ 29 ರನ್ ಬೇಕಿತ್ತು. 22 ಬಂತು, ಆರ್‌ಸಿಬಿ 6 ರನ್‌ನಿಂದ ಗೆದ್ದಿತು. ಅದಕ್ಕೆ ಎರಡು ವರ್ಷ ಮೊದಲು, 2023ರ ಏಪ್ರಿಲ್ 9ರಂದು ಅಹಮದಾಬಾದಿನಲ್ಲಿ ಕೋಲ್ಕತ್ತಾಗೂ ಕೊನೆಯ ಓವರ್‌ಗೆ ಬೇಕಿದ್ದದ್ದು ಇದೇ 29. ಅವತ್ತು ರಿಂಕು ಸಿಂಗ್ ಸಾಲಾಗಿ ಐದು ಸಿಕ್ಸರ್ ಹೊಡೆದು ಗೆಲ್ಲಿಸಿದರು. ಇಂಥ ಹೊತ್ತಿನಲ್ಲಿ ಭಾವ್ ತೀರಾ ಕೆಳಗೆ ಇಳಿದಿರುತ್ತದೆ. ಕ್ರಿಕೆಟ್ ನೋಡುವವನಿಗೆ ಎರಡೂ ದಿನ ಹಬ್ಬ. ಕೊನೆ ಗಳಿಗೆಯಲ್ಲಿ ಫೇವರಿಟ್ ಮೇಲೆ ಹಚ್ಚಿದವನು ಒಂದು ದಿನ ಬದುಕಿದ, ಇನ್ನೊಂದು ದಿನ ಮುಳುಗಿದ.

ಸೆಷನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹುಡುಗರು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ ಅನ್ನುವುದು ನನ್ನ ಅಂದಾಜು. ಮ್ಯಾಚ್ ಮುಗಿಯಲು ನಾಲ್ಕು ಗಂಟೆ ಬೇಕು. ಸೆಷನ್‌ಗೆ ಅಷ್ಟು ತಾಳ್ಮೆ ಬೇಡ. ಮೊದಲ ಆರು ಓವರ್‌ನಲ್ಲಿ ಎಷ್ಟು ರನ್, ಹತ್ತಕ್ಕೆ ಎಷ್ಟು, ಈ ಬ್ಯಾಟ್ಸ್‌ಮನ್ ಎಷ್ಟು ಹೊಡೆಯುತ್ತಾನೆ, ಮುಂದಿನ ವಿಕೆಟ್ ಎಷ್ಟಕ್ಕೆ ಬೀಳುತ್ತದೆ ಅಂತೆಲ್ಲ ತುಂಡು ತುಂಡಾಗಿ ಹಚ್ಚುವುದು. ಆ್ಯಪ್‌ಗಳಲ್ಲಿ ಇದಕ್ಕೆ ಫ್ಯಾನ್ಸಿ ಅಂತಲೂ ಹೆಸರಿದೆ.

ಆರು ಓವರ್ ಸೆಷನ್ 48-50 ಅಂದರೆ ಹೀಗೆ. 50 ಅಥವಾ ಅದಕ್ಕಿಂತ ಜಾಸ್ತಿ ಬರುತ್ತದೆ ಅನ್ನುವವನು 'ಯೆಸ್'. 48 ಬರುವುದಿಲ್ಲ ಅನ್ನುವವನು 'ನಾಟ್'. ಗೆದ್ದರೆ ಹಚ್ಚಿದಷ್ಟೇ ಬರುತ್ತದೆ, ಸೋತರೆ ಅಷ್ಟೇ ಹೋಗುತ್ತದೆ. ಸಮ ಸಮ ಅನ್ನಿಸುತ್ತದೆ. ಈಗ ಐದು ಜನ ಯೆಸ್, ಐದು ಜನ ನಾಟ್, ತಲೆಗೆ ಸಾವಿರ ಹಚ್ಚಿದರು ಅಂದುಕೊಳ್ಳಿ. 53 ರನ್ ಬಂತು: ನಾಟ್‌ನವರ 5000 ಯೆಸ್‌ನವರಿಗೆ ಹೋಯಿತು. 44 ಬಂತು: ಯೆಸ್‌ನವರದ್ದು ನಾಟ್‌ನವರಿಗೆ ಹೋಯಿತು. ಸರಿಯಾಗಿ 48 ಅಥವಾ 49 ಬಂದರೆ? ಯೆಸ್‌ನವನೂ ಸೋತ, ನಾಟ್‌ನವನೂ ಸೋತ. ಹತ್ತು ಸಾವಿರ ಪೂರ್ತಿ ಬುಕ್ಕಿಯ ಜೇಬಿಗೆ. ಎದುರೆದುರು ಹಚ್ಚಿದ ಇಬ್ಬರು ಗೆಳೆಯರು ಒಟ್ಟಿಗೇ ಸೋಲುವ ಆಟ ಇದು. ಆ ಎರಡು ರನ್‌ನ ಸಂದನ್ನು ಬುಕ್ಕಿ ಸುಮ್ನೆ ಇಟ್ಟಿರುವುದಿಲ್ಲ. ರನ್ ಎಲ್ಲಿಗೆ ಬಂದು ನಿಲ್ಲಬಹುದು ಅನ್ನುವ ಅಂದಾಜಿನ ಸುತ್ತಲೇ ಅದು ಇರುತ್ತದೆ.

ಕೆಲವು ಸಲ ಸಂದು ಇರುವುದಿಲ್ಲ, ಎರಡೂ ಕಡೆ 49 ಇರುತ್ತದೆ. ಆಗ ಕೆಳಗೆ 110, 90 ಅನ್ನುವ ಅಂಕಿ ನೋಡಿ. ನಾಟ್‌ನವನು ಸೋತರೆ 1100 ಕೊಡಬೇಕು, ಗೆದ್ದರೆ ಸಿಗುವುದು 1000. ಯೆಸ್‌ನವನು ಸೋತರೆ 1000 ಕೊಡಬೇಕು, ಗೆದ್ದರೆ ಸಿಗುವುದು 900. ಸಂದು ಮುಚ್ಚಿದ್ದಾರೆ, ಕಟಿಂಗ್ ಅಂದರೆ ಬುಕ್ಕಿಯ ಪಾಲು ಬೇರೆ ಕಡೆ ಇಟ್ಟಿದ್ದಾರೆ. ಟಾಸ್‌ನಲ್ಲೂ ಇದೇ ಕಥೆ. ನಾಣ್ಯಕ್ಕೆ ಎರಡೇ ಮುಖ, ನ್ಯಾಯವಾಗಿ 100 ಪೈಸೆ ಕೊಡಬೇಕು. ಅಷ್ಟು ಕೊಟ್ಟರೆ ಬುಕ್ಕಿಗೆ ಏನೂ ಉಳಿಯುವುದಿಲ್ಲವಲ್ಲ.

ಸ್ವಲ್ಪ ಪಳಗಿದವರ ಬಾಯಲ್ಲಿ 'ಬುಕ್ ಸೆಟ್ ಮಾಡ್ದೆ' ಅನ್ನುವ ಮಾತು ಬರುತ್ತದೆ. 90 ಪೈಸೆ ಇದ್ದಾಗ ಆರ್‌ಸಿಬಿ ಮೇಲೆ 1000 ಲಗಾಯಿ, ಭಾವ್ 40ಕ್ಕೆ ಇಳಿದಾಗ 1000 ಖಾಯಿ. ಈಗ ಆರ್‌ಸಿಬಿ ಗೆದ್ದರೆ 900ರಲ್ಲಿ 400 ಹೋಗಿ 500 ಉಳಿಯುತ್ತದೆ, ಸೋತರೆ ಎರಡೂ ವಜಾ. ಲೆಕ್ಕ ಸರಿಯಾಗಿಯೇ ಇದೆ. ಇದು ಒಂದು ಸಲ ಕೈಗೂಡಿದರೆ ಹುಡುಗನಿಗೆ ತಾನು ಜೂಜಾಡುತ್ತಿಲ್ಲ, ವ್ಯಾಪಾರ ಮಾಡುತ್ತಿದ್ದೇನೆ ಅನ್ನಿಸಲು ಶುರುವಾಗುತ್ತದೆ. ಭಾವ್ 90ರಿಂದ ಕೆಳಗೆ ಬಾರದೆ ಪಲ್ಟಿ ಹೊಡೆದ ದಿನ ಏನು ಮಾಡುವುದು? ಆಗ ಬರುವ ಪದ 'ರಿಕವರಿ'. ಹೋದದ್ದನ್ನು ಡಬಲ್ ಹಚ್ಚಿ ತೆಗೆಯುವುದು. 1000 ಹೋಯಿತು, 2000 ಹಚ್ಚಿದ. ಅದೂ ಹೋಯಿತು, 4000. ಆಮೇಲೆ 8000, 16,000, 32,000. ಆರು ಸಲ ಸಾಲಾಗಿ ಸೋತರೆ ಒಟ್ಟು 63,000 ಹೋಗಿರುತ್ತದೆ. ಏಳನೆಯ ಸಲ 64,000 ಹಚ್ಚಬೇಕು. ಗೆದ್ದರೂ ಕೊನೆಗೆ ಕೈಯಲ್ಲಿ ಉಳಿಯುವುದು ಮೊದಲು ಬಯಸಿದ ಆ ಒಂದು ಸಾವಿರ. ಮನೆಯಲ್ಲಿ ಬೈಕು ಮಾಯವಾಗುವುದು, ಅಮ್ಮನ ಸರ ಅಡವಿಗೆ ಹೋಗುವುದು ಈ ರಿಕವರಿ ಅನ್ನುವ ಹಂತದಲ್ಲೇ.

ಬುಕ್ಕಿ, ಭಾವ್ ಹೊಸ ತಲೆಮಾರಿನ ಮಾತಾದರೆ ಓಸಿ ನಮ್ಮ ಅಜ್ಜಂದಿರ ಕಾಲದ್ದು. ಓಪನ್, ಕ್ಲೋಸ್ ಅನ್ನುವುದೇ ಓಸಿ. ಮಟ್ಕಾ ಅಂದರೂ ಅದೇ. ಇದರ ಬೇರು ಹತ್ತಿಯಲ್ಲಿದೆ. ನ್ಯೂಯಾರ್ಕ್ ಕಾಟನ್ ಎಕ್ಸ್‌ಚೇಂಜಿನ ಹತ್ತಿ ದರ ಟೆಲಿಪ್ರಿಂಟರ್ ಮೂಲಕ ಬಾಂಬೆಗೆ ಬರುತ್ತಿತ್ತು. ಬೆಳಿಗ್ಗೆ ಯಾವ ದರಕ್ಕೆ ಓಪನ್, ಸಂಜೆ ಯಾವ ದರಕ್ಕೆ ಕ್ಲೋಸ್ ಅಂತ ಜನ ಬಾಜಿ ಕಟ್ಟುತ್ತಿದ್ದರು. 1961ರಲ್ಲಿ ಆ ದರ ಬರುವುದು ನಿಂತಿತು, ಬಾಜಿ ನಿಲ್ಲಲಿಲ್ಲ. ಚೀಟಿಗಳನ್ನು ಮಡಕೆಗೆ ಹಾಕಿ ನಂಬರ್ ಎತ್ತತೊಡಗಿದರು, ಆಮೇಲೆ ಇಸ್ಪೀಟ್ ಎಲೆ ಬಂತು. 1962ರಲ್ಲಿ ಕಲ್ಯಾಣ್‌ಜಿ ಭಗತ್, 1964ರಲ್ಲಿ ರತನ್ ಖತ್ರಿ ಅದನ್ನು ದೊಡ್ಡ ದಂಧೆ ಮಾಡಿದರು. ಮುಂಬೈಯಲ್ಲಿ ಅದಕ್ಕೆ ಮುಖ್ಯ ಗಿರಾಕಿಗಳು ಬಟ್ಟೆ ಗಿರಣಿಯ ಕಾರ್ಮಿಕರು. ದಾವಣಗೆರೆಯೂ ಹತ್ತಿಯಿಂದ ಬೆಳೆದ ಊರು. 1936ರಲ್ಲಿ ಕಾಟನ್ ಮಿಲ್ ಬಂದ ಮೇಲೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿತು. ಮಿಲ್‌ಗಳ ಸೈರನ್ ನಿಂತು ಎಷ್ಟೋ ವರ್ಷವಾಯಿತು. ಹತ್ತಿ ದರದ ಓಪನ್, ಕ್ಲೋಸ್ ಮಾತ್ರ ಚೀಟಿಯಲ್ಲಿ ಉಳಿದುಬಿಟ್ಟಿದೆ.

ಓಸಿಯ ಲೆಕ್ಕ ಎಲ್ಲಕ್ಕಿಂತ ಸುಲಭ. ಓಪನ್‌ನ ಒಂದು ಅಂಕಿ, ಕ್ಲೋಸ್‌ನ ಒಂದು ಅಂಕಿ ಸೇರಿದರೆ ಜೋಡಿ. 00ಯಿಂದ 99ರವರೆಗೆ ನೂರು ಜೋಡಿ. ಮಟ್ಕಾ ಬರೆದುಕೊಳ್ಳುವವರು 'ಒಂದು ರೂಪಾಯಿಗೆ ಎಂಬತ್ತು' ಅನ್ನುತ್ತಾರೆ. ನೂರು ಜೋಡಿಗೂ ಒಂದೊಂದು ರೂಪಾಯಿ ಹಚ್ಚಿದರೆ ಕೊಟ್ಟದ್ದು ನೂರು, ಬಂದದ್ದು ಎಂಬತ್ತು. ಕನಸಿನಲ್ಲಿ ಹಾವು ಕಂಡರೆ ಈ ನಂಬರ್, ಮದುವೆ ಕಂಡರೆ ಆ ನಂಬರ್ ಅನ್ನುವ ಚಾರ್ಟ್ ಎಷ್ಟು ಓದಿದರೂ ಆ ಇಪ್ಪತ್ತು ವಾಪಸ್ ಬರುವುದಿಲ್ಲ.

ಬೆಂಗಳೂರಿನ ಕುದುರೆ ರೇಸಿನ ವಿನ್, ಪ್ಲೇಸ್, ಜಾಕ್‌ಪಾಟ್ ಬೇರೆ ಸಾಲಿನ ಮಾತು. ಅದು ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಲೈಸೆನ್ಸ್ ಮೇಲೆ ನಡೆಯುತ್ತದೆ. ಕ್ರಿಕೆಟ್ ಬೆಟ್ಟಿಂಗಿಗೆ ಆ ರಕ್ಷಣೆ ಇಲ್ಲ.

ಈಗಿನ ಕಾಲದ ಪದ ಐಡಿ. ಮೊದಲು ಬುಕ್ಕಿ ಲಾಡ್ಜಿನ ರೂಮಿನಲ್ಲಿ ಫೋನು, ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದ. ಹಲವು ಲೈನುಗಳಿಗೆ ಒಟ್ಟಿಗೆ ಭಾವ್ ಕೇಳಿಸುವ ಪೆಟ್ಟಿಗೆಗೆ ಡಬ್ಬಾ ಅನ್ನುತ್ತಿದ್ದರು. ಈಗ ವಾಟ್ಸ್‌ಆ್ಯಪ್‌ನಲ್ಲಿ ಒಂದು ಹೆಸರು, ಒಂದು ಪಾಸ್‌ವರ್ಡ್ ಬರುತ್ತದೆ. ಅದೇ ಐಡಿ. ಅದನ್ನು ಹಾಕಿ ಒಳಗೆ ಹೋದರೆ ಮ್ಯಾಚ್ ಹೆಸರಿನ ಪಕ್ಕ ನೀಲಿ ಚೌಕ, ಗುಲಾಬಿ ಚೌಕ. ನೀಲಿ ಲಗಾಯಿ, ಗುಲಾಬಿ ಖಾಯಿ. ಕೆಳಗೆ ಫ್ಯಾನ್ಸಿಯ ಸಾಲುಗಳು. ಮೇಲೆ ಮೂಲೆಯಲ್ಲಿ ಎರಡು ಅಂಕಿ: ಒಂದು ಬ್ಯಾಲೆನ್ಸ್, ಇನ್ನೊಂದು ಎಕ್ಸ್‌ಪೋಜರ್. ಎಲ್ಲ ಕೈಕೊಟ್ಟರೆ ಎಷ್ಟು ಹೋಗಬಹುದು ಅನ್ನುವುದು ಎಕ್ಸ್‌ಪೋಜರ್. ಮನೆಯವರಿಗೆ ಮಗನ ಫೋನಿನಲ್ಲಿ ಈ ಪದ ಕಂಡರೆ ಉಳಿದದ್ದು ಕೇಳುವ ಅಗತ್ಯವಿಲ್ಲ. ದುಡ್ಡನ್ನು ಅಲ್ಲಿ ಪಾಯಿಂಟ್ಸ್ ಅನ್ನುತ್ತಾರೆ. 'ಐದು ಸಾವಿರ ಪಾಯಿಂಟ್ಸ್ ಹೋಯ್ತು' ಅನ್ನುವಾಗ 'ಐದು ಸಾವಿರ ರೂಪಾಯಿ ಹೋಯ್ತು' ಅನ್ನುವಷ್ಟು ಹೊಟ್ಟೆ ಉರಿಯುವುದಿಲ್ಲ.

ಬೌಲರ್ ಓಡಿ ಬರುವ ಹೊತ್ತಿಗೆ ಚೌಕಗಳ ಮೇಲೆ 'ಬಾಲ್ ರನ್ನಿಂಗ್' ಅಂತ ಬಂದು ಎಲ್ಲ ಲಾಕ್ ಆಗುತ್ತದೆ. ಇದರ ಹಿಂದೆ ಇನ್ನೊಂದು ಗುಟ್ಟಿದೆ. ನಾವು ಟಿವಿಯಲ್ಲಿ ನೋಡುವ ಬಾಲು ಮೈದಾನದಲ್ಲಿ ಆಗಲೇ ಮುಗಿದಿರುತ್ತದೆ. ಪ್ರಸಾರ ಕೆಲವು ಸೆಕೆಂಡು ತಡ, ಮೊಬೈಲ್ ಸ್ಟ್ರೀಮಿಂಗ್ ಇನ್ನೂ ತಡ. ಸ್ಟೇಡಿಯಂನಲ್ಲೇ ಕೂತು ಬಾಲ್ ಬಾಲ್ ಸುದ್ದಿ ಹೊರಗೆ ಮುಟ್ಟಿಸುವುದಕ್ಕೆ ಪಿಚ್ ಸೈಡಿಂಗ್ ಅನ್ನುತ್ತಾರೆ. ನಿಮಗೆ ಸಿಕ್ಸರ್ ಕಾಣುವ ಮೊದಲೇ ಭಾವ್ ಜಿಗಿದಿರುತ್ತದೆ. ಮುಗಿದ ಬಾಲಿನ ಮೇಲೆ, ಫಲಿತಾಂಶ ಗೊತ್ತಿರುವವನ ಎದುರು ದುಡ್ಡು ಹಚ್ಚುವ ಪರಿಸ್ಥಿತಿ ಇದು.

ಐಡಿ ಕೊಡುವವನು ಯಾರು? ಬಹಳ ಸಲ ಗೊತ್ತಿರುವವನೇ. ಹಾಸ್ಟೆಲ್‌ನ ಸೀನಿಯರ್, ಜಿಮ್‌ನಲ್ಲಿ ಸಿಗುವ ಅಣ್ಣ. ಅವನ ಮೇಲೆ ಮಾಸ್ಟರ್, ಅದರ ಮೇಲೆ ಸೂಪರ್ ಮಾಸ್ಟರ್, ಇನ್ನೂ ಮೇಲೆ ಅಡ್ಮಿನ್. ಈ ಏಣಿಗೆ ಪ್ಯಾನೆಲ್ ಅನ್ನುತ್ತಾರೆ. ಛತ್ತೀಸಗಢದ ಭಿಲಾಯಿ ಮೂಲದವರು ದುಬೈಯಿಂದ ನಡೆಸುತ್ತಿದ್ದರು ಎನ್ನಲಾದ ಮಹಾದೇವ್ ಬೆಟ್ಟಿಂಗ್ ಆ್ಯಪ್ ಪ್ರಕರಣದಲ್ಲಿ ಪ್ಯಾನೆಲ್‌ಗಳನ್ನು 70-30ರ ಲಾಭದ ಹಂಚಿಕೆ ಮೇಲೆ ಕೊಡಲಾಗಿತ್ತು ಅಂತ ಜಾರಿ ನಿರ್ದೇಶನಾಲಯ ಹೇಳಿತ್ತು. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನೂ ಸೇರಿಸಿ 22 ಆ್ಯಪ್, ವೆಬ್‌ಸೈಟ್‌ಗಳನ್ನು ಬ್ಲಾಕ್ ಮಾಡಿತು. ಈ ಹಂಚಿಕೆಯನ್ನು ನಮ್ಮೂರಿನ ಹುಡುಗನ ಮಟ್ಟಕ್ಕೆ ಇಳಿಸಿ ನೋಡಿ: ಲಾಭ ಅಂದರೆ ಪಂಟರ್ ಸೋತ ದುಡ್ಡು. ಐಡಿ ಕೊಟ್ಟ ಅಣ್ಣನಿಗೆ ಪಾಲು ಬರುವುದು ನೀವು ಸೋತಾಗ. ಅವನು 'ಇವತ್ತು ಬಿಡು, ನಾಳೆ ರಿಕವರಿ ಮಾಡೋಣ' ಅಂದರೆ ಯಾಕೆ ಅಂದ ಅಂತ ಯೋಚಿಸಿ.

ಈ ಜಾಲ ನಮಗೆ ದೂರದ್ದೂ ಅಲ್ಲ. 2025ರ ಆಗಸ್ಟ್‌ನಲ್ಲಿ ಅಕ್ರಮ ಬೆಟ್ಟಿಂಗ್ ಆರೋಪದ ಮೇಲೆ ಚಿತ್ರದುರ್ಗದ ಶಾಸಕರನ್ನೇ ಜಾರಿ ನಿರ್ದೇಶನಾಲಯ ಗ್ಯಾಂಗ್ಟಾಕ್‌ನಲ್ಲಿ ಬಂಧಿಸಿತು, ಸುಮಾರು 12 ಕೋಟಿ ನಗದು ವಶಪಡಿಸಿಕೊಂಡಿತು. ಆರೋಪ ನಿಜವೋ ಸುಳ್ಳೋ ಕೋರ್ಟ್ ಹೇಳಬೇಕು.

ಇದರ ಜೊತೆಗೇ ಬರುವ ಇನ್ನೊಂದು ಪದ ಮ್ಯೂಲ್ ಅಕೌಂಟ್, ಅಂದರೆ ಬಾಡಿಗೆ ಖಾತೆ. 'ನಿನ್ನ ಪಾಸ್‌ಬುಕ್, ಎಟಿಎಂ, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡ್ತೀನಿ' ಅನ್ನುತ್ತಾರೆ. ಕಾಲೇಜು ಹುಡುಗರಿಗೆ ಇದು ಬೆಟ್ಟಿಂಗ್ ಅಂತಲೇ ಅನ್ನಿಸುವುದಿಲ್ಲ. ಆದರೆ ಪೊಲೀಸರ ಕೈಗೆ ಮೊದಲು ಸಿಗುವ ಹೆಸರು ದುಬೈಯವನದ್ದಲ್ಲ, ಖಾತೆ ಇರುವ ಈ ಹುಡುಗನದ್ದು.

ಟೆಲಿಗ್ರಾಂನಲ್ಲಿ 'ಫಿಕ್ಸ್ ರಿಪೋರ್ಟ್', 'ಒನ್ ಸೈಡ್ ಜಾಕ್‌ಪಾಟ್' ಅಂತ ಮಾರುವವರೂ ಇದ್ದಾರೆ. ಇದರಲ್ಲಿ ಒಂದು ಹಳೆಯ ಕೈಚಳಕವಿದೆ. ಸಾವಿರ ಜನರಲ್ಲಿ ಐನೂರಕ್ಕೆ ಒಂದು ತಂಡ ಗೆಲ್ಲುತ್ತದೆ ಅನ್ನುವುದು, ಉಳಿದ ಐನೂರಕ್ಕೆ ಇನ್ನೊಂದು. ಸರಿ ಬಂದ ಐನೂರನ್ನು ಮತ್ತೆ ಎರಡು ಭಾಗ ಮಾಡುವುದು. ಮೂರು ಮ್ಯಾಚ್ ಆಗುವಷ್ಟರಲ್ಲಿ 125 ಜನರ ಕಣ್ಣಿಗೆ ಅವನು ಒಮ್ಮೆಯೂ ತಪ್ಪದ ದೇವರು. ನಾಲ್ಕನೇ ಮ್ಯಾಚಿಗೆ ಅವರಿಂದ ಫೀಸು.

ನಿಜವಾದ ಫಿಕ್ಸಿಂಗ್ ಇಲ್ಲವೇ ಇಲ್ಲ ಅಂತಲ್ಲ. ಅದರಲ್ಲಿ ಬ್ರಾಕೆಟ್ ಅನ್ನುವ ಪದ ಬರುತ್ತದೆ: ಇಷ್ಟು ಓವರ್‌ನಲ್ಲಿ ಇಷ್ಟೇ ರನ್ ಅಂತ ಮೊದಲೇ ಹೊಂದಿಸಿಕೊಂಡ ತುಂಡು. ನಮ್ಮ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಟೂರ್ನಿಯಲ್ಲಿ ಫಿಕ್ಸಿಂಗ್ ಆರೋಪ ಬಂದು 2019ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ತಂಡದ ಮಾಲೀಕರು, ಆಟಗಾರರನ್ನು ಬಂಧಿಸಿದರು. ಆ ಟೂರ್ನಿ ಮತ್ತೆ ನಡೆಯಲಿಲ್ಲ, 2022ರಲ್ಲಿ ಮಹಾರಾಜ ಟ್ರೋಫಿ ಶುರುವಾಯಿತು. ಇದು ನನಗೆ ತುಂಬಾ ನೋವು ಕೊಟ್ಟ ಸುದ್ದಿ. ನಾಯಕರಾಗಿ 2013-14, 2014-15ರಲ್ಲಿ ಸತತ ಎರಡು ಸಲ ಕರ್ನಾಟಕಕ್ಕೆ ರಣಜಿ ಗೆದ್ದುಕೊಟ್ಟ ದಾವಣಗೆರೆ ಎಕ್ಸ್‌ಪ್ರೆಸ್ ವಿನಯ್ ಕುಮಾರ್ ಅವರ ಊರು ಇದು. ಇಲ್ಲಿ ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಹಿಡಿದು ಓಡುವ ಹುಡುಗ ಪ್ರತಿ ನೋಬಾಲನ್ನೂ ಅನುಮಾನದಿಂದ ನೋಡುವ ಹಾಗೆ ಆಗಬಾರದು.

ಕಾನೂನಿನ ಮಾತು ಚಿಕ್ಕದಾಗಿ. ಮಟ್ಕಾ, ಬೆಟ್ಟಿಂಗ್ ಮೇಲೆ ಕೇಸು ಬೀಳುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 78ನೇ ಸೆಕ್ಷನ್ ಕೆಳಗೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸುತ್ತದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷ, 50 ಲಕ್ಷದವರೆಗೆ. ಆಡಿ ಕಳೆದುಕೊಂಡವರಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಹೀಗಾಗಿ ಹೆದರಿ ಮುಚ್ಚಿಡುವುದಕ್ಕಿಂತ ಮನೆಯಲ್ಲಿ ಬಾಯಿಬಿಟ್ಟು ಹೇಳುವುದು ಒಳ್ಳೆಯದು.

ಮುಖ್ಯವಾಗಿ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಬಾಜಿಯ ಒಪ್ಪಂದಕ್ಕೆ ಬೆಲೆ ಇಲ್ಲ ಅಂತ 1872ರ ಭಾರತೀಯ ಒಪ್ಪಂದ ಕಾಯ್ದೆಯ 30ನೇ ಸೆಕ್ಷನ್ ಹೇಳುತ್ತದೆ. ಬೆಟ್ಟಿಂಗ್‌ನಲ್ಲಿ ಸೋತ ದುಡ್ಡು ಕೊಡಿಸಿ ಅಂತ ಬುಕ್ಕಿ ಯಾವ ಕೋರ್ಟಿಗೂ ಹೋಗುವಂತಿಲ್ಲ. ಅದಕ್ಕೇ ಅವನು ಮನೆ ಮುಂದೆ ಬೈಕ್ ನಿಲ್ಲಿಸಿ ಹೆದರಿಸುವುದು. ಬ್ಯಾಂಕಿನ ಸಾಲ, ಲೋನ್ ಆ್ಯಪ್ ಸಾಲ ಬೇರೆ ಮಾತು, ಅದು ಇದರಿಂದ ಮನ್ನಾ ಆಗುವುದಿಲ್ಲ. ಬುಕ್ಕಿ ಬೆದರಿಸಿದರೆ 112ಕ್ಕೆ ಫೋನ್ ಮಾಡಿ. ಆನ್‌ಲೈನ್‌ನಲ್ಲಿ ಮೋಸ ಹೋಗಿದ್ದರೆ ಸೈಬರ್ ಸಹಾಯವಾಣಿ 1930. ಬಿಡಬೇಕು ಅಂದರೂ ಬಿಡಲಾಗುತ್ತಿಲ್ಲ, ರಾತ್ರಿ ನಿದ್ದೆ ಇಲ್ಲ, ಸಾಯುವ ಯೋಚನೆ ಬರುತ್ತಿದೆ ಅನ್ನುವವರಿಗೆ ಟೆಲಿ ಮನಸ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ದೂರು ಕೊಡುವ ಮೊದಲು ವಾಟ್ಸ್‌ಆ್ಯಪ್ ಚಾಟ್, ಯುಪಿಐ ಪಾವತಿ, ಐಡಿಯ ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡಿ. ನಾಚಿಕೆಗೆ ಮೊದಲು ಅಳಿಸುವುದು ಅದನ್ನೇ, ಪೊಲೀಸರು ಮೊದಲು ಕೇಳುವುದೂ ಅದನ್ನೇ.